ಯಮನಪ್ಪನ ಅಂಗಾಲು

ಯಮನಪ್ಪ ಜೀಪು ಹತ್ತುವ ಮೊದಲು ಚಪ್ಪಲಿ ಬಿಡುತ್ತಿದ್ದ. ಊಟಕ್ಕೆ ಕೂಡುವವರು ಅಂಗಿಯ ತೋಳು ಮಡಿಚಿಕೊಳ್ಳುವ ಹಾಗೆ, ಅವನು ಚಪ್ಪಲಿ ಕಳಚಿ ಸೀಟಿನ ಹಿಂದಕ್ಕೆ ಎಸೆದು, ಬರಿಗಾಲನ್ನು ಬ್ರೇಕಿನ ಮೇಲಿಟ್ಟು ಒಮ್ಮೆ ಒತ್ತಿ ನೋಡುತ್ತಿದ್ದ. ಅಗಲವಾದ, ಅಂಚಿನಲ್ಲಿ ಬಿರುಕು ಬಿಟ್ಟ, ಬೆರಳುಗಳು ಒಂದೊಂದು ದಿಕ್ಕಿಗೆ ಚದುರಿದ ಆ ಪಾದಗಳನ್ನು ನೋಡಿದರೆ ಎರೆಹೊಲದಲ್ಲಿ ಉಳುಮೆ ಮಾಡಲು ಹುಟ್ಟಿದವು ಅನ್ನಿಸುತ್ತಿತ್ತು. ಅವುಗಳ ಬಗ್ಗೆ ಅವನಿಗೆ ವಿಪರೀತ ಹೆಮ್ಮೆ.

"ಗಾಡಿ ಏನ ಅಂತೈತಿ ಅನ್ನೂದು ಮೊದ್ಲ ಅಂಗಾಲಿಗೆ ತಿಳೀತೈತ್ರಿ ಬಾಯಾರ, ಕಿವಿಗೆ ಆಮ್ಯಾಲ," ಅನ್ನುತ್ತಿದ್ದ. "ಚಪ್ಪಲಿ ಮೆಟ್ಟಿ ಗಾಡಿ ಹೊಡಿಯೂದಂದ್ರ ಬಾಯಿಗೆ ಅರಿವಿ ಕಟಗೊಂಡು ಉಂಡಂಗ."

ಎಪ್ಪತ್ತರ ದಶಕದ ನಡುವೆ ನಾನು ಹಾನಗಲ್ಲ ಸೀಮೆಯ ಒಂದು ಹಳ್ಳಿಯ ಆರೋಗ್ಯ ಕೇಂದ್ರಕ್ಕೆ ನರ್ಸಾಗಿ ಹೋದಾಗ ಯಮನಪ್ಪ ಅಲ್ಲಿನ ಜೀಪಿನ ಡ್ರೈವರು. ನಾನು ಸವಣೂರಿನವಳು, ಆಗಷ್ಟೇ ತರಬೇತಿ ಮುಗಿಸಿದ್ದೆ. ನನ್ನನ್ನು ಊರವರೆಲ್ಲ ನರ್ಸಬಾಯಾರ ಅನ್ನುತ್ತಿದ್ದರು; ನನಗಿಂತ ಬಹಳ ದೊಡ್ಡವನಾದ ಅವನೂ ಬಾಯಾರ ಅಂತಲೇ ಕರೆಯುತ್ತಿದ್ದ. ಹಿರೇಕೆರೂರಿನ ಕಡೆಯವನು, ಮಾತು ದೊಡ್ಡದು, ನಗೆ ಇನ್ನೂ ದೊಡ್ಡದು. ನಾನು ತವರಿಗೆ ಹೋಗಿ ಬರುವಾಗ ಸವಣೂರ ಖಾರ ತಂದುಕೊಟ್ಟರೆ ಪೊಟ್ಟಣ ಅಲ್ಲೇ ಬಿಚ್ಚಿ, ದಾರಿಯಲ್ಲಿ ನಿಂತವರಿಗೆಲ್ಲ ಹಂಚಿ, ಕೊನೆಗೆ ಕಾಗದ ಜಾಡಿಸಿ, "ನನಗೇನೂ ಉಳೀಲಿಲ್ಲ ನೋಡ್ರಿ, ಮತ್ಯಾವಾಗ ಊರಿಗೆ ಹೊಂಟೀರಿ?" ಅನ್ನುತ್ತಿದ್ದ.

ಅವನ ಹೆಸರೇ ನಮಗೆ ಒಂದು ತಾಪತ್ರಯವಾಗಿತ್ತು. ಒಂದು ಮಳೆಗಾಲ, ಹೆರಿಗೆ ಕಟ್ಟಿಕೊಂಡ ಹೆಂಗಸೊಬ್ಬಳನ್ನು ಜೀಪಿನಲ್ಲಿ ಹಾಕಿಕೊಂಡು ಹಾನಗಲ್ಲಿಗೆ ಹೊರಟಿದ್ದೆವು. ಅವಳ ಅತ್ತೆಯೂ ಜೊತೆಗಿದ್ದಳು. ಮುದುಕಿ ಮಾತಿಗೆಂದು ಡ್ರೈವರನ ಹೆಸರು ಕೇಳಿದಳು. ಅವನು ಹೇಳಿದ. ಮುದುಕಿ ಎದೆ ಬಡಿದುಕೊಂಡಳು.

"ಅಯ್ಯ ನಮ್ಮವ್ವ! ಇಳಸ್ರಿ ನನ್ನ ಸೊಸಿನ! ಯಮನ ಗಾಡ್ಯಾಗ ಕುಂದ್ರಸೀರಿ!"

ಯಮನಪ್ಪ ಹಿಂದಕ್ಕೆ ತಿರುಗಲಿಲ್ಲ. "ಅಜ್ಜಿ, ಯಮ ಸ್ಟೇರಿಂಗ್ ಹಿಡಕೊಂಡು ಕುಂತಾನ. ಎರಡೂ ಕೈ ಕೆಲಸದಾಗ ಅದಾವು. ಇನ್ನ ನಿನ್ನ ಸೊಸಿನ ಯಾವ ಕೈಲೆ ಒಯ್ಯಲಿ? ಸುಮ್ನ ಕುಂದ್ರು."

ನೋವು ತಿನ್ನುತ್ತಿದ್ದ ಆ ಸೊಸೆಯೇ ನಕ್ಕುಬಿಟ್ಟಳು. ಮುಂದೆ ಹಳ್ಳ ರಸ್ತೆಯ ಮೇಲೆ ಹರಿಯುತ್ತಿತ್ತು, ಕೆಂಪು ನೀರು, ತಳ ಕಾಣದು. ಯಮನಪ್ಪ ಇಳಿದು ನೀರಿಗೆ ಕಾಲಿಟ್ಟ. ಅಂಗಾಲಿನಿಂದಲೇ ನೆಲ ತಡವುತ್ತ, ಎಲ್ಲಿ ಡಾಂಬರು, ಎಲ್ಲಿ ಕಿತ್ತ ಜಲ್ಲಿ, ಎಲ್ಲಿ ಬರೀ ಹುದುಲು ಕೆಸರು ಎಂದು ನೋಡುತ್ತ ಆಚೆ ದಡ ಮುಟ್ಟಿ ತಿರುಗಿ ಬಂದ. ಬಂದವನೇ ಜೀಪು ಹತ್ತಿ, ತಾನು ನಡೆದ ಗೆರೆಯ ಮೇಲೆಯೇ ಅದನ್ನು ದಾಟಿಸಿದ. ಸಂಜೆಗೆ ಗಂಡು ಕೂಸು ಹುಟ್ಟಿತು. ಮುದುಕಿ ಹೊರಗೆ ಬಂದು ಅವನ ಗದ್ದ ಹಿಡಿದು, "ನಿನ್ನ ಹೆಸರ ಇಡಬೇಕಂತ ಮಾಡಿದ್ದೆ. ಆದ್ರ ಧೈರ್ಯ ಸಾಲವಲ್ದಪಾ," ಅಂದಳು. ಅದನ್ನು ಅವನು ವರ್ಷಗಟ್ಟಲೆ ಹೇಳಿಕೊಂಡು ನಗುತ್ತಿದ್ದ.

ಯಮನಪ್ಪ ಶೆರೆ ಕುಡಿಯುತ್ತಿದ್ದ. ಇದು ಗುಟ್ಟೇನಲ್ಲ. ಅವನ ಪಾಲಿಗೆ ಅದಕ್ಕೂ ಒಂದು ಶಿಸ್ತಿತ್ತು. "ಕೀಲಿ ಮೊಳಿಗೆ ಬಿದ್ದ ಮ್ಯಾಲ ಗ್ಲಾಸು. ಕೀಲಿ ಕೈಯಾಗಿದ್ರ ನೀರೂ ಕೇಳಿ ಕುಡೀತೇನಿ," ಅನ್ನುತ್ತಿದ್ದ; ಹಾಗೆಯೇ ನಡೆದುಕೊಳ್ಳುತ್ತಿದ್ದ. ಸಂಜೆ ಜೀಪಿನ ಕೀಲಿ ಆಫೀಸಿನ ಮೊಳೆಗೆ ಬಿತ್ತೆಂದರೆ ಅವನು ಸಾರಾಯಿ ಅಂಗಡಿಯ ಕಡೆ ಹೊರಟನೆಂದೇ ಲೆಕ್ಕ. ಕುಡಿದು ಯಾರನ್ನೂ ಬೈದವನಲ್ಲ, ಬಿದ್ದವನಲ್ಲ. ಆದರೆ ಕುಡಿದು ಬಂದ ಮೇಲೆ ರೊಟ್ಟಿ ಮುಟ್ಟುತ್ತಿರಲಿಲ್ಲ. ಹೆಂಡತಿ ದುರಗವ್ವ ಬಡಿದಿಟ್ಟ ರೊಟ್ಟಿ ಮುಂಜಾನೆ ಎಮ್ಮೆಗೆ ಹೋಗುತ್ತಿತ್ತು.

ಕೆಲವು ವರ್ಷಗಳ ಮೇಲೆ ಅವನು ಆಸ್ಪತ್ರೆಯ ಬಾವಿಯ ಕಟ್ಟೆಯ ಮೇಲೆ ಕೂತು ಬಕೆಟ್ಟಿನ ತಣ್ಣೀರಿನಲ್ಲಿ ಕಾಲಿಟ್ಟುಕೊಂಡಿರುವುದು ನಮಗೆಲ್ಲ ರೂಢಿಯ ನೋಟವಾಯಿತು. ಕೇಳಿದರೆ, "ಎಂಜಿನ್ ಬಿಸಿ ಆಗೇತ್ರಿ, ನೀರು ಹಾಕಾಕತ್ತೇನಿ," ಅನ್ನುತ್ತಿದ್ದ. ಅಂಗಾಲಿಗೆ ಹರಳೆಣ್ಣೆ ಹಚ್ಚಿದ, ಮದರಂಗಿ ಮೆತ್ತಿದ, ಈರುಳ್ಳಿ ತಿಕ್ಕಿದ. ಕೊನೆಗೆ ಮದ್ದು ತಾನೇ ಕಂಡುಹಿಡಿದ: ಎರಡು ಗ್ಲಾಸು ಹೆಚ್ಚು ಕುಡಿದರೆ ಉರಿ ಗೊತ್ತಾಗುವುದಿಲ್ಲ, ನಿದ್ದೆಯೂ ಬರುತ್ತದೆ. ಹೀಗೆ ಶೆರೆ ಅವನಿಗೆ ಔಷಧವಾಯಿತು, ಔಷಧದ ಪ್ರಮಾಣ ಏರುತ್ತ ಹೋಯಿತು.

ಒಂದು ಮುಂಜಾನೆ ದುರಗವ್ವ ನನ್ನ ಕ್ವಾರ್ಟರ್ಸಿಗೆ ಬಂದಳು. ಹತ್ತಿಮತ್ತೂರಿನ ಹೆಣ್ಣುಮಗಳು, ಗಟ್ಟಿ ಜೀವ, ಸುಲಭಕ್ಕೆ ಯಾರ ಮುಂದೆಯೂ ಗೋಳು ತೋಡಿಕೊಳ್ಳುವವಳಲ್ಲ. ಬಾಗಿಲಲ್ಲೇ ನಿಂತು ದನಿ ಇಳಿಸಿ ಹೇಳಿದಳು.

"ಬಾಯಾರ, ನಮ್ಮವರು ಚಾದರ ಕಾಲಿಗೆ ತಾಕಿದ್ರ ಕೆಂಡ ಬಿದ್ದಂಗ ಒದರತಾರ. ನಿನ್ನಿ ನೋಡಿದ್ರ ಹಿಮ್ಮಡದಾಗ ಜಾಲಿಮುಳ್ಳು ಮುರದೈತಿ, ಕೀವ ಆಗೇತಿ. ಯಾವಾಗ ಚುಚ್ಚಿತು ಅಂದ್ರ ನನಗೇನ ಗೊತ್ತು ಅಂತಾರ. ಅರಿವಿ ತಾಕಿದ್ರ ಉರೀತೈತಿ, ಮುಳ್ಳು ಮುರದ್ರ ಗೊತ್ತಿಲ್ಲ. ಇದೆಂಥಾ ಬ್ಯಾನಿರಿ?"

ಹಿಂದೆ ಯಾರಾದರೂ ಇದ್ದಾರೆಯೇ ಎಂದು ತಿರುಗಿ ನೋಡಿ, "ದೊಡ್ಡ ರೋಗ ಅಲ್ಲಲ್ರಿ?" ಎಂದು ಕೇಳಿದಳು.

ಆಗ ನನಗೆ ಎಲ್ಲ ಅರ್ಥವಾಯಿತು. ನಮ್ಮ ಕಡೆ ದೊಡ್ಡ ರೋಗ ಎಂದರೆ ಕುಷ್ಠ. ಕಾಲಿಗೆ ಸ್ಪರ್ಶ ತಿಳಿಯದಿದ್ದರೆ ಅದೇ ಎಂದು ಜನ ನಂಬಿದ್ದ ಕಾಲ. ಇಷ್ಟು ವರ್ಷ ಆರೋಗ್ಯ ಕೇಂದ್ರದ ಜೀಪಿನಲ್ಲಿ ಕುಷ್ಠದ ಮಾತ್ರೆಗಳನ್ನು ಹಳ್ಳಿ ಹಳ್ಳಿಗೆ ಹಂಚಲು ಒಯ್ದವನು ತನ್ನ ಕಾಲನ್ನೇ ಡಾಕ್ಟರಿಗೆ ತೋರಿಸಲು ಹೆದರಿದ್ದ. ಮನೆಯಲ್ಲಿ ಮಗಳಿಗೆ ನೆಂಟಸ್ತನ ಕೂಡಿಬಂದಿತ್ತು. ಗಂಡಿನವರ ಕಿವಿಗೆ ಈ ಮಾತು ಬಿದ್ದರೆ ಮದುವೆ ಮುರಿಯುತ್ತದೆ ಎಂದು ಬಾಯಿ ಬಿಗಿದುಕೊಂಡು ಕುಡಿಯುತ್ತಿದ್ದ.

ನಮ್ಮ ಡಾಕ್ಟರು ಸವಣೂರಿನ ವೈಷ್ಣವರ ಮನೆತನದವರು. ತಂದೆ ಪಂಡಿತರು, ಮಗನೂ ಪಾಠ ಹೇಳುವ ನಿಧಾನದಲ್ಲೇ ರೋಗಿಗಳೊಂದಿಗೆ ಮಾತಾಡುತ್ತಿದ್ದರು. ಎಲ್ಲರೂ ಅವರನ್ನು ಆಚಾರ್ ಡಾಕ್ಟರು ಅನ್ನುತ್ತಿದ್ದರು. ನಾನು ಹೋಗಿ ಹೇಳಿದೆ. ಅವರು ಯಮನಪ್ಪನನ್ನು ಒಳಗೆ ಕರೆದು, ಬಾಗಿಲು ಹಾಕಿ, ಮೇಜಿನ ಮೇಲೆ ಮಲಗಿಸಿದರು. ಮೈಯೆಲ್ಲ ನೋಡಿದರು, ಎಲ್ಲಿಯೂ ಮಚ್ಚೆ ಇಲ್ಲ. ಮೊಣಕೈಯ ಹಿಂದೆ, ಮೊಣಕಾಲಿನ ಪಕ್ಕ ನರಗಳನ್ನು ಒತ್ತಿ ನೋಡಿದರು; ದಪ್ಪಗಾಗಿಲ್ಲ. ಕಣ್ಣು ಮುಚ್ಚಿಸಿ ಹತ್ತಿಯ ಎಳೆಯನ್ನು ಪಾದದ ಮೇಲೆ ಆಡಿಸಿದರು. ಅವನಿಗೆ ತಿಳಿಯಲಿಲ್ಲ. ಬಡಿದರೆ ಗುಂಯ್‌ಗುಡುವ ಉಕ್ಕಿನ ಶ್ರುತಿಕವಲನ್ನು ಅದರ ಕಂಪನ ತಿಳಿಯುತ್ತದೆಯೇ ಎಂದು ಕಾಲ್ಬೆರಳಿಗೆ, ಪಾದದ ಹರಡಿಗೆ, ಮೊಣಕಾಲಿಗೆ ಇಟ್ಟರು. ಮೊಣಕಾಲಿಗೆ ಬಂದಾಗ ಮಾತ್ರ, "ಹಾಂ, ಈಗ ಎಂಜಿನ್ ಚಾಲೂ ಆತ್ರಿ," ಅಂದ. ನಿಲ್ಲಿಸಿ ಕಣ್ಣು ಮುಚ್ಚು ಅಂದರೆ ಆ ಭಾರಿ ಆಳು ಗಾಳಿಗೆ ಸಿಕ್ಕ ಜೋಳದ ದಂಟಿನಂತೆ ತೂಗಾಡಿದ. ನಾನು ಹಿಡಿದುಕೊಂಡೆ. ಮೂತ್ರವನ್ನು ನೀಲಿ ದ್ರಾವಣದಲ್ಲಿ ಹಾಕಿ ಕಾಯಿಸಿದೆವು. ನೀಲಿ ನೀಲಿಯಾಗಿಯೇ ಉಳಿಯಿತು, ಸಕ್ಕರೆಯೂ ಇಲ್ಲ.

"ಕುಷ್ಠ ಅಲ್ಲ ಯಮನಪ್ಪ, ಸಕ್ಕರಿ ಬ್ಯಾನಿನೂ ಅಲ್ಲ," ಅಂದರು ಡಾಕ್ಟರು. "ಇದು ಶೆರೆ ಮಾಡಿದ ಕೆಲಸ."

"ಶೆರೆನಾ?" ಹತ್ತಿರದ ನೆಂಟನ ಮೇಲೆ ಯಾರೋ ಕಳವು ಹೊರಿಸಿದಂತೆ ಅವನು ನೋಡಿದ. "ನಮ್ಮ ಶೆರೆನಾ?"

"ನಿನ್ನ ಜೀಪಿನಾಗ ವೈರ್ ಇರ್ತಾವಲ್ಲ, ಹಂಗ ಮೈಯಾಗ ನರ. ಶೆರೆ ಆ ನರಾನ ಸವಸ್ತದ. ಮ್ಯಾಲೆ ನೀ ಉಣ್ಣೂದಿಲ್ಲ. ನರಕ್ಕ ಬೇಕಾದ ಸತ್ವನೂ ಹೋತು. ಎಲ್ಲಾಕ್ಕಿಂತ ಉದ್ದನ ವೈರು ಕಾಲಿಂದು. ಅದಕ್ಕ ಕಾಲಬೆರಳಿಂದ ಶುರು ಆಗ್ತದ. ಬಿಡದಿದ್ರ ಮ್ಯಾಲ ಏರ್ತದ, ಕೈಗೂ ಬರ್ತದ."

"ಮತ್ತ ಕುಡದ್ರ ಉರಿ ಕಡಿಮಿ ಆಗತೈತಲ್ರಿ ಸಾಹೇಬ್ರ?"

"ಆಗ್ತದ. ಹಾರ್ನ್ ತಾನ ಬಡಕೊಳ್ಳಾಕ ಹತ್ತಿದ್ರ ನೀ ಫ್ಯೂಸ್ ಕಿತ್ತಿಡ್ತಿ, ಸಪ್ಪಳ ನಿಂದರ್ತದ. ಅಂದ್ರ ವೈರ್ ಛಲೋ ಆತು ಅಂತನ?"

ಯಮನಪ್ಪ ತಲೆಯಾಡಿಸಿದ. ಅವನ ಕಣ್ಣಲ್ಲಿ ನೀರು ತುಂಬಿತ್ತು. ನಾವು ಉಪದೇಶ ನಾಟಿತು ಎಂದುಕೊಂಡೆವು. ನಾಟಿದ್ದು ಮೊದಲ ಮಾತೊಂದೇ. ಹೊರಗೆ ಹೋದವನೇ ದುರಗವ್ವನಿಗೆ, "ದೊಡ್ಡ ರೋಗ ಅಲ್ಲಂತ! ಬರೇ ಶೆರೆ ಅಂತ!" ಎಂದು ಕೂಗಿದ. ಆ ಸಂತೋಷಕ್ಕೆ ಸಂಜೆ ಅಂಗಡಿಯಲ್ಲಿ ಕೂತು, ತನ್ನದು ಕುಷ್ಠ ಅಲ್ಲವೆಂದು ಬಂದವರಿಗೆಲ್ಲ ಸಾರುತ್ತ ಹೊಟ್ಟೆ ತುಂಬ ಕುಡಿದ. ಮರುದಿನ ಈ ಸುದ್ದಿ ಕೇಳಿ ಡಾಕ್ಟರು ಹಣೆ ಹಣೆ ಬಡಿದುಕೊಂಡರು, ಆಮೇಲೆ ನಕ್ಕರು. ನಾನೂ ನಕ್ಕೆ. ಮಗಳ ಮದುವೆ ಸಾಂಗವಾಗಿ ಆಯಿತು. ಯಮನಪ್ಪ ನಮ್ಮನ್ನೆಲ್ಲ ಜೀಪಿನಲ್ಲಿ ತುಂಬಿಕೊಂಡು ಹೋಗಿ ಉಣಿಸಿ ಕಳಿಸಿದ. ಇನ್ನು ಮೇಲೆ ಜೀಪು ಓಡಿಸುವುದು ಬೇಡ ಎಂದು ಡಾಕ್ಟರು ಹೇಳಿದರೆ, "ನಿಮ್ಮ ಉಕ್ಕಿನ ಕವಲು ಸುಳ್ಳ ಹೇಳಿರಬೇಕ್ರಿ. ನನ್ನ ಕಾಲು ಇಲ್ಲೀತನಕ ತಪ್ಪಿಲ್ಲ," ಅನ್ನುತ್ತಿದ್ದ. ಬದಲಿ ಡ್ರೈವರನನ್ನು ಕೇಳಿ ಡಾಕ್ಟರು ಮೇಲಿನವರಿಗೆ ಬರೆದರು. ಯಾರೂ ಬರಲಿಲ್ಲ. ಹಳ್ಳಿಯಿಂದ ಕರೆ ಬಂದಾಗ ಬೇರೆ ಗಾಡಿಯೂ ಇರಲಿಲ್ಲ.

ಆ ಕಾಲು ತಪ್ಪಿದ್ದು ತಡಸದ ದಾರಿಯಲ್ಲಿ, ಭತ್ತದ ಗದ್ದೆಗಳಲ್ಲಿ ಇನ್ನೂ ಕೆಸರಿದ್ದ ಕಾಲದಲ್ಲಿ, ನಡುಮಧ್ಯಾಹ್ನ. ಕೂಸು ಅಡ್ಡ ಕೂತಿದ್ದ ಬಸುರಿಯನ್ನು ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಗೆ ಒಯ್ಯುತ್ತಿದ್ದೆವು. ನಾನು ಹಿಂದೆ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ, ಅವಳ ಅವ್ವ ಕಾಲ ಬಳಿ. ಯಮನಪ್ಪ ಕುಡಿದಿರಲಿಲ್ಲ, ಇದನ್ನು ನಾನು ಯಾರ ಮುಂದೆ ಬೇಕಾದರೂ ಹೇಳಬಲ್ಲೆ. ತಿರುವಿನಲ್ಲಿ ಕುರಿಹಿಂಡೊಂದು ರಸ್ತೆ ತುಂಬ ಹರಡಿತ್ತು, ನಡುವೆ ಕಂಬಳಿ ಹೊದ್ದ ಕುರುಬ. ಜೀಪು ನಿಲ್ಲಬೇಕಾಗಿತ್ತು. ನಿಲ್ಲುವ ಬದಲು ಒದರಿಕೊಂಡು ಮುಂದಕ್ಕೆ ಹಾರಿತು.

ಯಮನಪ್ಪನ ಕೈಗಳು ಅವನ ಕಾಲಿಗಿಂತ ನಿಯತ್ತಿನವು. ಸ್ಟೇರಿಂಗನ್ನು ಎಳೆದು ತಿರುಗಿಸಿದ. ಜೀಪು ರಸ್ತೆಯಿಂದ ಇಳಿದು, ಬದುವನ್ನು ಕೆಡವಿ, ಗದ್ದೆಯ ಕೆಸರಿನಲ್ಲಿ ಮೂಗು ಊರಿ ನಿಂತಿತು. ಕುರಿಗಳು ಚೆದುರಿ ಒದರುತ್ತಿದ್ದವು. ನನ್ನ ಭುಜ ಕಬ್ಬಿಣಕ್ಕೆ ಬಡಿದಿತ್ತು. ಬಸುರಿಯ ಹೊಟ್ಟೆ ಮುಟ್ಟಿ ನೋಡಿದೆ, ಕೂಸಿನ ಎದೆಬಡಿತಕ್ಕೆ ಕೊಳವೆ ಇಟ್ಟೆ. ಬಡಿತ ಇತ್ತು. ತಲೆ ಎತ್ತಿದರೆ ಯಮನಪ್ಪ ಇನ್ನೂ ಸೀಟಿನಲ್ಲೇ ಬಗ್ಗಿ ತನ್ನ ಕಾಲನ್ನು ನೋಡುತ್ತಿದ್ದ.

"ಬಾಯಾರ," ಅಂದ. ಅವನ ದನಿ ಅಷ್ಟು ಸಣ್ಣಗಾದದ್ದನ್ನು ನಾನು ಎಂದೂ ಕೇಳಿರಲಿಲ್ಲ. "ಬ್ರೇಕಿನ ಮ್ಯಾಲ ಐತಿ ಅಂತ ತಿಳಕೊಂಡು ಒತ್ತಿದೆ. ನೋಡ್ರಿ ಇಲ್ಲಿ. ಎಕ್ಸಿಲೇಟರ್ ಮ್ಯಾಲ ಐತಿ. ಈಗೂ ಒತ್ತಾಕ ಹತ್ತೇತಿ. ನನಗ ಗೊತ್ತ ಆಗವಲ್ದು."

ಹೆಬ್ಬೆರಳ ಉಗುರು ಕಿತ್ತು ರಕ್ತ ಸುರಿಯುತ್ತಿತ್ತು. ಅದೂ ಅವನಿಗೆ ತಿಳಿದಿರಲಿಲ್ಲ.

ಅವನು ಹೊತ್ತು ಕಳೆಯಲಿಲ್ಲ. ಕೆಸರಲ್ಲಿ ತಡವರಿಸುತ್ತ ರಸ್ತೆಗೆ ಏರಿ, ನಟ್ಟನಡುವೆ ಎರಡೂ ಕೈ ಚಾಚಿ ನಿಂತು ಬರುತ್ತಿದ್ದ ಲಾರಿಯನ್ನು ನಿಲ್ಲಿಸಿದ. ಕುರುಬ ತನ್ನ ಕಂಬಳಿ ಕೊಟ್ಟ. ಅದರಲ್ಲಿ ಬಸುರಿಯನ್ನು ಎತ್ತಿ ಲಾರಿಗೆ ಸೇರಿಸಿದೆವು. ನಾನು ಹತ್ತುವಾಗ ಅವನು ಜೀಪಿನ ಕೀಲಿಯನ್ನು ನನ್ನ ಕೈಗೆ ಹಾಕಿ ಬೆರಳು ಮಡಿಚಿದ.

"ಇದನ್ನ ಸಾಹೇಬ್ರಿಗೆ ಕೊಡ್ರಿ. ನಾ ಬೇಡಿದ್ರೂ ನನ್ನ ಕೈಯಾಗ ಕೊಡಬ್ಯಾಡ ಅಂತ ಹೇಳ್ರಿ."

ಹುಬ್ಬಳ್ಳಿಯಲ್ಲಿ ಆಪರೇಷನ್ ಆಗಿ ತಾಯಿ, ಕೂಸು ಎರಡೂ ಜೀವ ಉಳಿದವು. ಹೆಣ್ಣು ಕೂಸು.

ಜೀಪನ್ನು ಎತ್ತುಗಳಿಂದ ಎಳೆಸಿ ತಂದ ಮೇಲೆ ವಿಚಾರಣೆಗೆ ಮೇಲಿನಿಂದ ಒಬ್ಬರು ಬಂದರು. ಆಫೀಸಿನ ಗುಮಾಸ್ತ ಒಳ್ಳೆಯವನು, ಯಮನಪ್ಪನನ್ನು ಪಕ್ಕಕ್ಕೆ ಕರೆದು, "ಬ್ರೇಕ್ ಫೇಲ್ ಆತು ಅಂದುಬಿಡೋ ಮಾರಾಯಾ. ಹಳೇ ಜೀಪು, ಯಾರೂ ಸಂಶೆ ಪಡಂಗಿಲ್ಲ. ನೌಕರಿ ಉಳೀತೈತಿ," ಅಂದ. ದುರಗವ್ವ ಅಲ್ಲೇ ನಿಂತಿದ್ದಳು. ಅವಳು ಗಂಡನ ಮುಖ ನೋಡಿದಳು.

ಯಮನಪ್ಪ ಬಂದ ಅಧಿಕಾರಿಯ ಮುಂದೆ ಹೋಗಿ ನಿಂತ. "ಬ್ರೇಕ್ ಫೇಲ್ ಆಗಿಲ್ರಿ ಸಾಹೇಬ್ರ. ಬ್ರೇಕ್ ಭಾಳ ಛಲೋ ಐತಿ, ನಾನ ಕಟ್ಟೇನಿ ಅದನ್ನ. ನನ್ನ ಕಾಲು ಫೇಲ್ ಆಗೇತಿ. ಶೆರೆ ಕುಡದು ಕೆಡಿಸಿಕೊಂಡೇನಿ. ಬ್ರೇಕ್ ಅಂತ ಬರದ್ರ ನಾಳೆ ಬ್ರೇಕ್ ಹೊಸಾದು ಹಾಕತೀರಿ, ಮತ್ತ ನನ್ನ ಕುಂದ್ರಸ್ತೀರಿ. ಈ ಸಲ ಕುರಿ ಉಳದ್ವು, ಬಸುರಿ ಉಳದ್ಲು. ಮುಂದಿನ ಸಲ?"

ಅಧಿಕಾರಿ ಅದನ್ನು ಹಾಗೆಯೇ ಬರೆದುಕೊಂಡರು. ಆಚಾರ್ ಡಾಕ್ಟರು ತಮ್ಮ ಪರೀಕ್ಷೆಯ ವಿವರ ಹೇಳಿದರು, ತಮ್ಮ ಮಾತನ್ನೂ ಸೇರಿಸಿದರು. ನೌಕರಿ ಹೋಗಲಿಲ್ಲ. ಡ್ರೈವರಿಕೆ ಹೋಯಿತು, ಅದೇ ಆಸ್ಪತ್ರೆಯ ಬಾಗಿಲಿಗೆ ಜವಾನನಾದ.

ಕೀಲಿ ಬಿಡುವುದಕ್ಕಿಂತ ಶೆರೆ ಬಿಡುವುದು ಕಷ್ಟವಾಯಿತು. ಮನೆಯಲ್ಲಿ ಒಬ್ಬನೇ ಒಮ್ಮೆಲೇ ಬಿಡಬಾರದು, ಜೀವಕ್ಕೆ ಅಪಾಯ ಎಂದು ಡಾಕ್ಟರು ಅವನನ್ನು ನಮ್ಮ ಪುಟ್ಟ ವಾರ್ಡಿನಲ್ಲೇ ಮಲಗಿಸಿಕೊಂಡರು. ಮೈ ನಡುಗಿತು, ಬೆವರು ಸುರಿಯಿತು, ಗೋಡೆಯ ಮೇಲೆ ಕುರಿಗಳು ಹರಿದಾಡುತ್ತಿವೆ ಎಂದ. ದುರಗವ್ವ ಮಂಚದ ಪಕ್ಕ ನೆಲದ ಮೇಲೆ ಕೂತು ಗಂಜಿ ಕುಡಿಸಿದಳು. ನಾನು ದಿನಾ ವಿಟಮಿನ್ ಬಿ ಒಂದರ ಇಂಜೆಕ್ಷನ್ ಚುಚ್ಚುತ್ತಿದ್ದೆ; ಅದರ ಕಮಟು ವಾಸನೆ ಕೋಣೆ ತುಂಬ ನಿಲ್ಲುತ್ತಿತ್ತು. "ಶೆರೆ ವಾಸನಿ ಬಿಡಸಾಕ ಇದನ್ನ ತಂದೀರೇನ್ರಿ? ಅದ ಛಲೋ ಇತ್ತು," ಅಂದಾಗ ನಮ್ಮ ಯಮನಪ್ಪ ಮರಳಿ ಬಂದನೆಂದು ನಾನು ಸಮಾಧಾನಪಟ್ಟೆ.

ಬಿಟ್ಟ ಮೇಲೆ ಉರಿ ಕಡಿಮೆಯಾಗಲಿಲ್ಲ. ಮೊದಮೊದಲು ಹೆಚ್ಚೇ ಆಯಿತು. "ಬಿಡು ಅಂದ್ರಿ, ಬಿಟ್ಟೆ. ಈಗ ಸುಡಗಾಡ ಬೆಂಕಿ ಹತ್ತೇತಿ," ಎಂದು ಡಾಕ್ಟರ ಮೇಲೆ ಹರಿಹಾಯ್ದ. ಅವರು ಕೋಪಿಸಿಕೊಳ್ಳದೆ, "ಮುಚ್ಚಿಟ್ಟಿದ್ದು ಈಗ ಕೇಳಸಾಕತ್ತದ. ನರ ಬೆಳಿಯೂದು ಭಾಳ ನಿಧಾನ. ತಡಕೋ," ಅಂದರು. ತತ್ತಿ, ಮೊಳಕೆ ಹೆಸರು, ಶೇಂಗಾ ತಿನ್ನಲು ಹೇಳಿದರು. ಎಮ್ಮೆಗೆ ಹೋಗುತ್ತಿದ್ದ ರೊಟ್ಟಿ ಅವನ ಹೊಟ್ಟೆಗೆ ಹೋಗತೊಡಗಿತು. ನಡುವೆ ಒಮ್ಮೆ ಊರ ಕಡೆ ಮದುವೆಗೆ ಹೋದವನು ಕುಡಿದುಬಂದ. ಮರುದಿನ ನಾನು ಕೇಳುವ ಮೊದಲೇ, "ನಿನ್ನಿ ಕುಡದೆ ಬಾಯಾರ. ಇವತ್ತಿಲ್ಲ," ಎಂದು ಹೇಳಿ ಕಸಬರಿಗೆ ಹಿಡಿದ. ಆಮೇಲೆ ಕುಡಿದದ್ದು ನನಗಂತೂ ಗೊತ್ತಿಲ್ಲ. ತಿಂಗಳುಗಳು ಕಳೆದಂತೆ ಉರಿ ಇಳಿಯಿತು. ಚಾದರ ಹೊದ್ದು ಮಲಗುವಂತಾದ. ಆದರೆ ಬೆರಳುಗಳಿಗೆ ಸ್ಪರ್ಶ ಪೂರ್ತಿ ಬರಲೇ ಇಲ್ಲ.

ಬಾಗಿಲಲ್ಲಿ ಕೂತ ಯಮನಪ್ಪ ಆರೋಗ್ಯ ಕೇಂದ್ರಕ್ಕೆ ಎರಡನೇ ಡಾಕ್ಟರನಂತೆ ಗತ್ತಿನಿಂದಲೇ ಇದ್ದ. ಕಾಲುರಿ ಎಂದು ಯಾರಾದರೂ ಬಂದರೆ ಸಾಕು, "ಸಂಜಿಮುಂದ ಎಲ್ಲಿ ಕುಂದರ್ತಿ?" ಎಂಬುದು ಅವನ ಮೊದಲ ಪ್ರಶ್ನೆ. ಅವರು ತಡವರಿಸಿದರೆ ತನ್ನ ಪಾದವನ್ನು ಮುಂದೆ ಚಾಚುತ್ತಿದ್ದ. "ನಾ ಕುಡಿಬ್ಯಾಡ ಅನ್ನಂಗಿಲ್ಲ. ಈ ಕಾಲು ಬೇಕಂದ್ರ ಕುಡಿ. ನನ್ನ ಕಡೆ ಎರಡದಾವು, ಒಂದ ಒಯ್ಯಿ." ಎಷ್ಟು ಜನ ಬಿಟ್ಟರೋ ಹೇಳಲಾರೆ. ಕೆಲವರು ಬಿಟ್ಟರು. ಕೆಲವರು ಬೇರೆ ಆಸ್ಪತ್ರೆಗೆ ಹೋದರು.

ಎಂಬತ್ತರ ದಶಕದಲ್ಲಿ ನನಗೆ ಶಿಗ್ಗಾಂವಿಗೆ ವರ್ಗವಾಯಿತು. ಯಮನಪ್ಪ ನಿವೃತ್ತನಾಗಿ ಹಿರೇಕೆರೂರಿನ ಕಡೆಯ ತನ್ನ ಊರಿಗೆ ಹೋದ. ಆ ಕಡೆ ಲಸಿಕೆಯ ಕೆಲಸಕ್ಕೆ ಹೋಗಿದ್ದಾಗ ಒಮ್ಮೆ ಅವನ ಮನೆ ಹುಡುಕಿಕೊಂಡು ಹೋದೆ. ಅಂಗಳದಲ್ಲಿ ಆಗಷ್ಟೇ ನಡೆಯಲು ಕಲಿತ ಮೊಮ್ಮಗಳ ಬೆರಳು ಹಿಡಿದು ಅವನು ಹೆಜ್ಜೆ ಹಾಕುತ್ತಿದ್ದ. ಇಬ್ಬರೂ ಕಾಲನ್ನು ತುಸು ಎತ್ತರಕ್ಕೆತ್ತಿ, ನೆಲ ನೋಡಿಕೊಂಡು ಊರುತ್ತಿದ್ದರು.

"ಅಜ್ಜ ಮೊಮ್ಮಗಳು ಒಂದ ವರ್ಗದಾಗ ಅದಾರ್ರಿ," ಅಂದಳು ದುರಗವ್ವ.

"ಆಕಿ ಪಾಸಾಗಿ ಮುಂದ ಹೊಕ್ಕಾಳ. ನಾ ಇಲ್ಲೇ ನಪಾಸು," ಎಂದು ಯಮನಪ್ಪ ಹಳೆಯ ನಗೆ ನಕ್ಕ. ಕೂದಲು ಬೆಳ್ಳಗಾಗಿತ್ತು, ಮುಖದಲ್ಲಿ ಮಾಂಸ ತುಂಬಿತ್ತು. ಚಹಾ ಆಯಿತು, ರೊಟ್ಟಿ ಆಯಿತು, ಆಚಾರ್ ಡಾಕ್ಟರ ಸುದ್ದಿ ಆಯಿತು. ಏಳುವ ಹೊತ್ತಿಗೆ ಹೊತ್ತು ಮುಳುಗಿತ್ತು. ಬಸ್ಸು ನಿಲ್ಲುವ ರಸ್ತೆ ಹೊಲದ ದಾರಿಯಾಚೆ ಇತ್ತು.

"ಕಳಸಾಕ ಬರ್ತಿದ್ನಿರಿ ಬಾಯಾರ. ಆದ್ರ ಕತ್ತಲಾದ್ರ ನನ್ನ ಕಾಲಿಗೆ ಕಣ್ಣಿಲ್ಲ. ಹಗಲಿನ್ಯಾಗ ನೆಲಾ ನೋಡಿ ಇಡ್ತೇನಿ," ಅಂದ. ದುಃಖದಿಂದ ಹೇಳಲಿಲ್ಲ, ಇದ್ದದ್ದನ್ನು ಹೇಳಿದ.

ದುರಗವ್ವ ಕಂದೀಲು ತರಲು ಒಳಗೆ ಹೋದಳು. ಬಸ್ಸಿನ ಹೊತ್ತಾಗಿದೆ ಎಂದು ನಾನು ಕಾಯದೆ ಹೊರಟೆ. ಹತ್ತು ಮಾರು ಹೋಗಿರಬೇಕು, ಹಿಂದಿನಿಂದ ಕೂಗಿದ. "ಎಡಕ್ಕ ಸರೀರಿ ಬಾಯಾರ, ಅಲ್ಲೊಂದು ಬಂಡಿ ಐತಿ!" ನೋಡಿದರೆ ಮಬ್ಬಿನಲ್ಲಿ ಮೊಣಕಾಲೆತ್ತರದ ಕಲ್ಲುಬಂಡೆ. ಸರಿದು ನಡೆದೆ. "ಈಗ ತಗ್ಗು ಬರ್ತೈತಿ, ಬಲಕ್ಕ ಅಂಚು ಹಿಡೀರಿ!" ತಗ್ಗು ಬಂತು. ಹಗಲೆಲ್ಲ ಕಣ್ಣಿಟ್ಟು ನಡೆದ ಆ ದಾರಿಯ ಒಂದೊಂದು ಕಲ್ಲೂ ಅವನಿಗೆ ಬಾಯಿಪಾಠವಾಗಿತ್ತು. ಬಾಗಿಲ ಚೌಕಟ್ಟು ಹಿಡಿದು ನಿಂತ ಅವನ ಆಕಾರ ಕಾಣದಾಯಿತು, ದನಿ ಮಾತ್ರ ಬರುತ್ತಲೇ ಇತ್ತು. ನನ್ನ ನಡಿಗೆಯ ವೇಗವನ್ನು ಅಲ್ಲಿಂದಲೇ ಅಂದಾಜು ಮಾಡಿ ಕೂಗುತ್ತಿದ್ದ.

ಮುಂದೆ ಎರಡು ಬೇಸಿಗೆ ಕಳೆದ ಮೇಲೆ ಅವನು ಹೋದ ಸುದ್ದಿ ಬಂತು. ನಿದ್ದೆಯಲ್ಲೇ ಹೋದನಂತೆ, ಚಾದರ ಹೊದ್ದುಕೊಂಡೇ ಇದ್ದನಂತೆ. ನನಗೆ ಉಳಿದಿರುವುದು ಆ ಸಂಜೆಯ ದನಿ. ಅಂದು ಕೊನೆಯ ಬದು ದಾಟಿ ನಾನು ಡಾಂಬರಿಗೆ ಕಾಲಿಟ್ಟೆ. ಅದೇ ಹೊತ್ತಿಗೆ ದೂರದಿಂದ ಸಣ್ಣಗೆ, ಆದರೆ ಒಂದಿಷ್ಟೂ ಅನುಮಾನವಿಲ್ಲದೆ ಕೇಳಿಸಿತು:

"ಮುಟ್ಟಿದ್ರಿ ನೋಡ್ರಿ! ಇನ್ನ ರಸ್ತಾ ಛಲೋ ಐತಿ!"